ಬೀದಿ ದೀಪದ ಕಂಬಕ್ಕೆ ಎಷ್ಟು ಕೆಲಸ ಹೊರಿಸಬಹುದು?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೀದಿ ದೀಪದ ವಿಷಯ ಕೇಳೋಕೆ ಇಷ್ಟು ಜನ ಬಂದಿದ್ದೀರಿ, ನನಗೆ ನಿಜವಾಗಿಯೂ ಖುಷಿಯಾಗಿದೆ.

ನಗರದಲ್ಲಿ ಬೀದಿ ದೀಪದ ಕಂಬದಷ್ಟು ಸಮನಾಗಿ ಹರಡಿಕೊಂಡಿರುವ ಸಾರ್ವಜನಿಕ ಆಸ್ತಿ ಇನ್ನೊಂದು ಸಿಗುವುದು ಕಷ್ಟ. ಹೆಚ್ಚೂ ಕಡಿಮೆ 25–30 ಮೀಟರಿಗೊಂದು ಕಂಬ. ಆರರಿಂದ ಹನ್ನೆರಡು ಮೀಟರ್ ಎತ್ತರ. ಬುಡದಲ್ಲಿ ಕರೆಂಟ್. ಜಾಗ, ಎತ್ತರ, ಕರೆಂಟ್, ಮೂರೂ ಒಟ್ಟಿಗೆ ಸಿಗುವ ಕಡೆ ಎಲ್ಲರ ಕಣ್ಣೂ ಬೀಳುತ್ತದೆ. ಮೊಬೈಲ್ ಕಂಪನಿಯವರಿಗೆ ಅಲ್ಲಿ 5ಜಿ ಆಂಟೆನಾ ಕೂರಿಸಬೇಕು. ಎಲೆಕ್ಟ್ರಿಕ್ ಕಾರಿನವರಿಗೆ ಚಾರ್ಜರ್ ಬೇಕು. ಗಾಳಿಯ ಗುಣಮಟ್ಟ ಅಳೆಯುವವರಿಗೆ ಸೆನ್ಸರ್ ಇಡಲು ಜಾಗ ಬೇಕು. ಪೊಲೀಸರಿಗೆ ಕ್ಯಾಮೆರಾ ಬೇಕು. ಮೊದಲಿನಿಂದಲೂ ಅಲ್ಲಿದ್ದ ದೀಪದ ನೆನಪಾಗುವುದು ಆಮೇಲೆ.

ಕಂಬಕ್ಕೆ ಹೆಚ್ಚು ಕೆಲಸ ಕೊಡಬಹುದು, ಕೊಡಬೇಕು ಅನ್ನುವವನೇ ನಾನು. ರಸ್ತೆಗೆ ಹತ್ತು ಥರದ ಕಂಬ ನೆಡುವುದಕ್ಕಿಂತ ಇರುವ ಒಂದನ್ನೇ ಚೆನ್ನಾಗಿ ಬಳಸುವುದು ಮೇಲು. ಆದರೆ ಇಂಥ ಯೋಜನೆಗಳು ಸೆನ್ಸರ್ ಕೆಟ್ಟು ಮುಗ್ಗರಿಸುವುದು ಕಡಿಮೆ. ನೆಲದೊಳಗಿನ ಕೇಬಲ್, ರಸ್ತೆ ಬದಿಯ ಪ್ಯಾನೆಲ್ (ಸಾಲು ಕಂಬಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ), ಕಚೇರಿಯಲ್ಲಿರುವ ಕರಾರು ಪತ್ರ, ಈ ಮೂರರಲ್ಲೇ ಎಡವುವುದು ಜಾಸ್ತಿ. ಇವತ್ತು ಆ ಮೂರರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ದೀಪಕ್ಕೆ 'ಸ್ಮಾರ್ಟ್' ಅನ್ನುವ ಹೆಸರು ಈಗ ಯಾಕೆ ಬಂತು? ಹಳೆಯ ಹಳದಿ ಸೋಡಿಯಂ ದೀಪ ನಿಮಗೆ ಗೊತ್ತಿರುತ್ತದೆ. ಸ್ವಿಚ್ ಹಾಕಿದ ಮೇಲೆ ಅದು ಪೂರ್ತಿ ಬೆಳಗೋಕೆ ಕೆಲವು ನಿಮಿಷ ಬೇಕು. ಒಮ್ಮೆ ಆರಿತೆಂದರೆ ತಣ್ಣಗಾಗುವ ತನಕ ಮತ್ತೆ ಹತ್ತುವುದಿಲ್ಲ. ಯಾರೋ ನಡೆದು ಬಂದರೆ ಹತ್ತು, ಹೋದ ಮೇಲೆ ಆರು ಅಂತ ಅದಕ್ಕೆ ಹೇಳುವ ಹಾಗಿಲ್ಲ. ಎಲ್‌ಇಡಿ ಹಾಗಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಬೆಳಗುತ್ತದೆ, ಹೇಳಿದಷ್ಟಕ್ಕೆ ತಗ್ಗುತ್ತದೆ. ನೀಲಿ ಎಲ್‌ಇಡಿ ಸಾಧ್ಯವಾಗಿಸಿದ ಅಕಾಸಾಕಿ, ಅಮಾನೋ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಆ ನೀಲಿ ಎಲ್‌ಇಡಿ ಚಿಪ್‌ನ ಮೇಲೆ ಫಾಸ್ಫರ್ ಅನ್ನುವ, ಬೆಳಕಿನ ಬಣ್ಣ ಬದಲಾಯಿಸುವ ಪುಡಿಯ ಪದರ ಬಳಿದರೆ ಬಿಳಿ ಬೆಳಕು ಬರುತ್ತದೆ. ಈ ಪದರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. 250 ವ್ಯಾಟ್ ಸೋಡಿಯಂ ದೀಪ ತನ್ನ ಚೋಕ್ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ. ಅದೇ ರಸ್ತೆಗೆ 120 ವ್ಯಾಟಿನ ಎಲ್‌ಇಡಿ ಸಾಕು ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ದೀಪ ಉರಿಯುವ ಹೊತ್ತು ಸುಮಾರು 4,100 ಗಂಟೆ. ಬೇಸಿಗೆ ಚಳಿಗಾಲದ ರಾತ್ರಿಗಳು ಒಂದನ್ನೊಂದು ಸರಿದೂಗಿಸುವುದರಿಂದ ಈ ಅಂಕಿ ಊರಿಂದೂರಿಗೆ ಅಷ್ಟೇನೂ ಬದಲಾಗುವುದಿಲ್ಲ. ಅಂದರೆ ದೀಪ ಬದಲಾಯಿಸಿದ್ದಕ್ಕೇ ಕಂಬಕ್ಕೆ ವರ್ಷಕ್ಕೆ 650 ಯೂನಿಟ್‌ಗೂ ಸ್ವಲ್ಪ ಹೆಚ್ಚು ಉಳಿಯಿತು. ಇನ್ನು ಅದರ ಮೇಲೆ ಕಂಟ್ರೋಲರ್, ಅಂದರೆ ದೀಪವನ್ನು ಹತ್ತಿಸುವ, ಆರಿಸುವ, ತಗ್ಗಿಸುವ ಮತ್ತು ಅದರ ಸ್ಥಿತಿಯನ್ನು ಕಚೇರಿಗೆ ತಿಳಿಸುವ ಉಪಕರಣ ಹಾಕಿ, ದಿನಾ ರಾತ್ರಿ ಆರು ಗಂಟೆ ಕಾಲ ಬೆಳಕನ್ನು ಅರ್ಧಕ್ಕೆ ಇಳಿಸಿದರೆ? ಉಳಿಯುವುದು ಸುಮಾರು 130 ಯೂನಿಟ್. ಐದನೇ ಒಂದು ಪಾಲು ಅಷ್ಟೇ.

ಚಿಕ್ಕ ಓಣಿಯ 20 ವ್ಯಾಟ್ ದೀಪಕ್ಕೆ ಇದೇ ಲೆಕ್ಕ ಹಾಕಿ. ಆರು ಗಂಟೆ ಅರ್ಧ ಬೆಳಕು ಅಂದರೆ ಉಳಿತಾಯ 22 ಯೂನಿಟ್. ಆ ಕಂಟ್ರೋಲರ್ ಹಗಲೂ ರಾತ್ರಿ ಎಚ್ಚರವಿದ್ದು 2 ವ್ಯಾಟ್ ಎಳೆದರೆ ವರ್ಷಕ್ಕೆ ಅದೇ 17 ಯೂನಿಟ್ ತಿನ್ನುತ್ತದೆ. ಉಳಿದದ್ದು ಎಷ್ಟು ಅಂತ ನೀವೇ ನೋಡಿ. ಎಲ್‌ಇಡಿಯ ಉಳಿತಾಯ, ಸ್ಮಾರ್ಟ್ ಕಂಟ್ರೋಲಿನ ಉಳಿತಾಯ ಎರಡನ್ನೂ ಸೇರಿಸಿ ಒಂದೇ ದೊಡ್ಡ ಅಂಕಿ ತೋರಿಸುವ ಪ್ರಸ್ತಾವಗಳು ಬಹಳ ಬರುತ್ತವೆ. ಎರಡನ್ನೂ ಬೇರೆ ಬೇರೆ ಬರೆದು ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ಹಾಗಾದರೆ ಕಂಟ್ರೋಲರ್ ಬೇಡವಾ? ಬೇಕು. ಅದು ತನ್ನ ಖರ್ಚು ತೀರಿಸುವುದು ಹೆಚ್ಚಾಗಿ ನಿರ್ವಹಣೆಯಲ್ಲಿ. ಯಾವ ದೀಪ ಹತ್ತಿಲ್ಲ, ಯಾವುದು ಹಗಲಲ್ಲೂ ಉರಿಯುತ್ತಿದೆ, ವೋಲ್ಟೇಜ್ ಎಲ್ಲಿ ಕುಸಿದಿದೆ ಅನ್ನುವುದೆಲ್ಲ ಕೂತಲ್ಲೇ ತಿಳಿಯುತ್ತದೆ. ಒಂದೇ ದೀಪ ಆರಿದರೆ ದೀಪದ ದೋಷ. ಸಾಲಿಗೆ ಸಾಲೇ ಆರಿದರೆ ಕೇಬಲ್ ಅಥವಾ ಪ್ಯಾನೆಲ್. ಲೈನ್‌ಮನ್ ಹೊರಡುವ ಮೊದಲೇ ಇದು ಗೊತ್ತಾದರೆ ಸರಿಯಾದ ಸಾಮಾನು ಹಿಡಿದುಕೊಂಡು ಹೋಗುತ್ತಾರೆ. ಏಣಿ ಗಾಡಿ ಎರಡು ಸಲ ಬರಬೇಕಾಗಿಲ್ಲ. ಕತ್ತಲಾದ ಬೀದಿಯಲ್ಲಿ ಓಡಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಅಂತಲೇ ನಾನು ತಿಳಿದಿದ್ದೇನೆ.

ಈಗ ಆ ಫಾಸ್ಫರ್ ಪದರಕ್ಕೆ ಬರೋಣ. 2021, 2022ರ ಸುಮಾರಿಗೆ ಅಮೆರಿಕದ ಹಲವು ನಗರಗಳಲ್ಲಿ ಬೀದಿ ದೀಪಗಳು ಒಂದೊಂದಾಗಿ ನೇರಳೆ ಬಣ್ಣಕ್ಕೆ ತಿರುಗಿದವು. ಹಬ್ಬಕ್ಕೆ ಹಾಕಿದ್ದಾರೇನೋ ಅಂತ ಕೆಲವರು ಅಂದುಕೊಂಡರು. ಆಗಿದ್ದೇನೆಂದರೆ, ಚಿಪ್‌ನ ಮೇಲಿನ ಆ ಪದರ ಸುಲಿದುಹೋಗಿ ಒಳಗಿನ ನೀಲಿ ಬೆಳಕು ನೇರವಾಗಿ ಹೊರಗೆ ಬರುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸಾಮಾನ್ಯ ಕಂಟ್ರೋಲರ್ ಅಳೆಯುವುದು ಕರೆಂಟ್, ವೋಲ್ಟೇಜ್, ವ್ಯಾಟ್. ದೀಪ ನೇರಳೆಯಾದರೂ ಅದು ಎಳೆಯುವ ವ್ಯಾಟ್ ಅಷ್ಟೇ ಇರುತ್ತದೆ. ಕಚೇರಿಯ ಪರದೆಯಲ್ಲಿ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ. ಮರದ ಕೊಂಬೆ ಬೆಳೆದು ದೀಪವನ್ನು ಮುಚ್ಚಿದರೂ ಅಷ್ಟೇ. ಗಾಡಿ ಡಿಕ್ಕಿ ಹೊಡೆದು ಕಂಬ ವಾಲಿ, ಬೆಳಕು ಯಾರದೋ ಕಿಟಕಿಗೆ ಬಿದ್ದರೂ ಅಷ್ಟೇ. ಪರದೆ ನೋಡುವವರಿಗೆ ದೀಪ ಉರಿಯುತ್ತಿರುವುದು ಗೊತ್ತಾಗುತ್ತದೆ, ರಸ್ತೆ ಕಾಣುತ್ತಿದೆಯೇ ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೇ ಯಾವ ವ್ಯವಸ್ಥೆ ಬಂದರೂ ಜನರು ದೂರು ಕೊಡುವ ದಾರಿಯನ್ನು ಮುಚ್ಚಬಾರದು. ಪ್ರತಿ ಕಂಬಕ್ಕೂ ದೊಡ್ಡದಾಗಿ ಓದಲು ಬರುವಂಥ ಒಂದು ನಂಬರ್ ಇರಲಿ. ಇದಕ್ಕೆ ಬೇಕಾಗಿರುವುದು ಒಂದು ಡಬ್ಬಿ ಪೇಂಟ್.

ದೀಪದ ಬೆನ್ನಿನ ಮೇಲೆ ಒಂದು ಗುಂಡನೆಯ ಸಾಕೆಟ್ ಇರುತ್ತದೆ, ನೋಡಿದ್ದೀರಾ? ಹಿಂದೆ ಅದರಲ್ಲಿ ಮೂರು ಪಿನ್ ಇರುತ್ತಿತ್ತು. ಬೆಳಕು ಕಂಡು ಆರಿಸುವ ಫೋಟೊಸೆಲ್ ಅಲ್ಲಿ ಕೂರುತ್ತಿತ್ತು. ಈಗ ಏಳು ಪಿನ್ನಿನದ್ದು ಬಂದಿದೆ. ಮೂರು ಪಿನ್ ಕರೆಂಟಿಗೆ, ಉಳಿದ ನಾಲ್ಕು ಬೆಳಕು ತಗ್ಗಿಸುವುದಕ್ಕೆ ಮತ್ತು ಸೆನ್ಸರ್ ಜೊತೆ ಮಾತಾಡುವುದಕ್ಕೆ. ಝಾಗಾ ಅನ್ನುವ ಇನ್ನೊಂದು ಮಾದರಿಯ ಚಿಕ್ಕ ಸಾಕೆಟ್ ಕೂಡ ಇದೆ, ಅದು 24 ವೋಲ್ಟಿನದು. ದೀಪದ ಕೆಳಮುಖಕ್ಕೂ ಹಾಕಬಹುದು, ಅಲ್ಲಿ ಓಡಾಟ ಗುರುತಿಸುವ ಸೆನ್ಸರ್ ಕೂರಿಸುತ್ತಾರೆ. ಈ ಸಾಕೆಟ್‌ಗಳು ಎಲ್ಲರಿಗೂ ಒಂದೇ ಅಳತೆಯವು. ಕಂಪನಿ ಬದಲಾದರೂ ಕಂಟ್ರೋಲರ್ ತಿರುಗಿಸಿ ತೆಗೆದು ಇನ್ನೊಂದು ಕೂರಿಸಬಹುದು. ದೀಪ ಬದಲಾಯಿಸಲು ದುಡ್ಡಿದೆ, ಕಂಟ್ರೋಲರಿಗೆ ಈಗ ಇಲ್ಲ ಅನ್ನುವ ನಗರಗಳಿಗೆ ನನ್ನ ಸಲಹೆ ಇಷ್ಟೇ: ಸಾಕೆಟ್ ಇರುವ ದೀಪವನ್ನೇ ತಗೊಳ್ಳಿ, ಮೇಲೊಂದು ಮುಚ್ಚಳ ಹಾಕಿಡಿ.

ಸಾಕೆಟ್ ಒಂದೇ ಆದರೂ ಒಳಗಿನ ಭಾಷೆ ಬೇರೆ ಬೇರೆ ಇರುತ್ತದೆ. ಒಬ್ಬರ ಸಾಫ್ಟ್‌ವೇರ್ ಇನ್ನೊಬ್ಬರ ಕಂಟ್ರೋಲರ್ ಜೊತೆ ಮಾತಾಡುವುದಿಲ್ಲ. ಇದಕ್ಕೆಂದೇ 2012ರಲ್ಲಿ ಟಾಲ್ಕ್ ಅನ್ನುವ ಒಕ್ಕೂಟ ಹುಟ್ಟಿತು. ಎಲ್ಲ ಕಂಪನಿಗಳ ವ್ಯವಸ್ಥೆಗಳನ್ನೂ ಒಂದೇ ಪರದೆಯಿಂದ ನಡೆಸಲು ಆಗುವಂತೆ ಒಂದು ಸಾಮಾನ್ಯ ಕ್ರಮ ರೂಪಿಸಿತು. ಟೆಂಡರ್‌ನಲ್ಲಿ ಇದನ್ನು ಬರೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಮೆಸಚೂಸೆಟ್ಸ್‌ನ ಒಂದು ಹೈಸ್ಕೂಲಿನ ಕಥೆ ಕೇಳಿ. ಅಲ್ಲಿನದು ಬೀದಿ ದೀಪವಲ್ಲ, ಕಟ್ಟಡದ ದೀಪ, ಪಾಠ ಮಾತ್ರ ಒಂದೇ. 2021ರ ಆಗಸ್ಟಿನಲ್ಲಿ ದೀಪ ನಡೆಸುವ ಸಾಫ್ಟ್‌ವೇರ್ ಕೆಟ್ಟಿತು. ಕಟ್ಟಡದ ಸುಮಾರು 7,000 ದೀಪಗಳು ಹಗಲು ರಾತ್ರಿ ಉರಿಯುತ್ತಲೇ ಇದ್ದವು. ವ್ಯವಸ್ಥೆ ಹಾಕಿದ ಕಂಪನಿ ಕೈ ಬದಲಾಗಿತ್ತು, ಬಿಡಿಭಾಗ ಬರುವುದು ತಡವಾಯಿತು. ಸರಿಯಾಗಿದ್ದು 2023ರಲ್ಲಿ. ಒಂದೂವರೆ ವರ್ಷ ದೀಪ ಆರಿಸೋಕೆ ಆಗಲಿಲ್ಲ!

ಆಯಸ್ಸಿನದ್ದೂ ಒಂದು ತೊಡಕಿದೆ. ಒಳ್ಳೆಯ ಎಲ್‌ಇಡಿ ದೀಪ ಹದಿನೈದು ವರ್ಷ ಬಾಳಬಹುದು, ಕಂಬ ಅದಕ್ಕಿಂತ ಜಾಸ್ತಿ. ಆದರೆ ಕೆಲವು ಕಂಟ್ರೋಲರ್‌ಗಳು ಕಚೇರಿಯ ಜೊತೆ ಮಾತಾಡಲು ನಂಬಿಕೊಂಡಿರುವ ಮೊಬೈಲ್ ತಂತ್ರಜ್ಞಾನ ಅಷ್ಟು ಕಾಲ ನಿಲ್ಲುವುದಿಲ್ಲ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲವನ್ನೇ ನಿಲ್ಲಿಸಿದವು. ಅದನ್ನು ನಂಬಿಕೊಂಡಿದ್ದ ಉಪಕರಣಗಳೆಲ್ಲ ಕಿವುಡಾದವು. ಸಂಪರ್ಕ ತಪ್ಪಿದರೂ ದೀಪ ತನ್ನಷ್ಟಕ್ಕೆ ಸೂರ್ಯಾಸ್ತದ ಲೆಕ್ಕ ಹಾಕಿಕೊಂಡು ಹತ್ತಬೇಕು, ಸೂರ್ಯೋದಯಕ್ಕೆ ಆರಬೇಕು. ಅಕ್ಷಾಂಶ ರೇಖಾಂಶ ಒಮ್ಮೆ ತುಂಬಿದರೆ ಇದನ್ನು ಒಂದು ಸಣ್ಣ ಚಿಪ್ ಮಾಡುತ್ತದೆ. ಕರಾರಿನಲ್ಲಿ ಈ ಸಾಲು ಇರಲೇಬೇಕು.

ಇನ್ನು ಕಂಬದ ಬುಡಕ್ಕೆ ಬರೋಣ. ನೆಲದಿಂದ ಮೊಣಕಾಲೆತ್ತರದಲ್ಲಿ ಒಂದು ಪುಟ್ಟ ಬಾಗಿಲು ಇರುತ್ತದೆ. ತೆಗೆದರೆ ಒಳಗೆ ಒಂದು ಕಡೆಯಿಂದ ಬಂದ ಕೇಬಲ್, ಮುಂದಿನ ಕಂಬಕ್ಕೆ ಹೋಗುವ ಕೇಬಲ್, ಎರಡನ್ನೂ ಸೇರಿಸುವ ಟರ್ಮಿನಲ್, ಮೇಲಿನ ದೀಪಕ್ಕೊಂದು ಫ್ಯೂಸು ಅಥವಾ ಎಂಸಿಬಿ, ಅರ್ತಿಂಗ್ ತಂತಿ. ಅಷ್ಟೇ, ಕೈ ಹಾಕಲು ಜಾಗ ಇಲ್ಲದಷ್ಟು ಇಕ್ಕಟ್ಟು. ಮಳೆ ನೀರು, ಇರುವೆ ಗೂಡು, ತುಕ್ಕು ಎಲ್ಲ ಅಲ್ಲೇ. ಪ್ರಸ್ತಾವದ ಚಿತ್ರಗಳಲ್ಲಿ ಕಂಬದ ತುದಿ ಥಳಥಳ ಹೊಳೆಯುತ್ತದೆ, ಈ ಬಾಗಿಲನ್ನು ಯಾರೂ ತೋರಿಸುವುದಿಲ್ಲ.

ಬಾಗಿಲು ತೆಗೆದವರು ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಹಗಲು ಹೊತ್ತು ಕರೆಂಟ್ ಇರುತ್ತಾ? ತುಂಬ ನಗರಗಳಲ್ಲಿ ಇರುವುದಿಲ್ಲ. ಒಂದು ಪ್ಯಾನೆಲ್, ಅದರೊಳಗೆ ಒಂದು ಟೈಮರ್, ಅದರ ಕೆಳಗೆ ಹತ್ತಾರು ಕಂಬಗಳು. ಸಂಜೆ ಇಡೀ ಸಾಲಿಗೆ ಕರೆಂಟ್ ಬರುತ್ತದೆ, ಬೆಳಗ್ಗೆ ಇಡೀ ಸಾಲಿಗೆ ಹೋಗುತ್ತದೆ. ಬರೀ ದೀಪ ಇದ್ದಾಗ ಇದು ಒಳ್ಳೆಯ, ಅಗ್ಗದ ಏರ್ಪಾಟು. ಈಗ ಅದೇ ಕಂಬಕ್ಕೆ ಗಾಳಿ ಅಳೆಯುವ ಸೆನ್ಸರ್ ಹಾಕಿ. ವಾಹನಗಳ ಹೊಗೆ ಜಾಸ್ತಿ ಇರುವ ಹಗಲಿಡೀ ಅದು ಸತ್ತಿರುತ್ತದೆ! ಕ್ಯಾಮೆರಾ, ವೈಫೈ, ಆಂಟೆನಾ, ಚಾರ್ಜರ್ ಎಲ್ಲಕ್ಕೂ ಇದೇ ಗತಿ. ಕಂಬವನ್ನು ಬಹುಪಯೋಗಿ ಮಾಡುವುದು ಅಂದರೆ ಮೊದಲು ಸಾಲಿಗೆ 24 ಗಂಟೆ ಕರೆಂಟ್ ಕೊಟ್ಟು, ಹತ್ತಿಸುವ ಆರಿಸುವ ಕೆಲಸವನ್ನು ಪ್ಯಾನೆಲ್‌ನಿಂದ ತೆಗೆದು ಪ್ರತಿ ದೀಪದ ಕಂಟ್ರೋಲರಿಗೆ ವಹಿಸುವುದು. ಆಗ ಇನ್ನೊಂದು ಜವಾಬ್ದಾರಿ ಹುಟ್ಟುತ್ತದೆ. ಹಗಲಲ್ಲಿ ಸತ್ತಿರುತ್ತಿದ್ದ ತಂತಿ ಈಗ ಸದಾ ಜೀವಂತ. ಬಾಗಿಲಿಗೆ ಬೀಗ, ಒಳ್ಳೆಯ ಅರ್ತಿಂಗ್, ಸೋರಿಕೆ ಕಂಡರೆ ಕಡಿತಗೊಳಿಸುವ ಬ್ರೇಕರ್ ಇಲ್ಲದೆ ಇದನ್ನು ಮಾಡಲೇಬಾರದು. ಶಾಲೆಗೆ ಹೋಗುವ ಮಕ್ಕಳು ಆ ಕಂಬ ಮುಟ್ಟಿಕೊಂಡೇ ನಡೆಯುತ್ತಾರೆ.

ಕಾರ್ ಚಾರ್ಜಿಂಗ್ ವಿಷಯ ಎಲ್ಲರಿಗೂ ಕುತೂಹಲ, ಅಲ್ವಾ? ಲಾಸ್ ಏಂಜಲೀಸ್ ನಗರ 2009ರಿಂದ 2013ರ ನಡುವೆ ಸುಮಾರು 1,40,000 ಬೀದಿ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸಿತು. ಉಳಿದ ವಿದ್ಯುತ್ ಸಾಮರ್ಥ್ಯ ಬಳಸಿ ಆಮೇಲೆ ನೂರಾರು ಕಂಬಗಳಿಗೆ ಚಾರ್ಜರ್ ಹಾಕಿತು. ಲಂಡನ್ನಿನ ಸದರ್‌ಲ್ಯಾಂಡ್ ಅವೆನ್ಯೂ ಅನ್ನುವ ಬೀದಿಯಲ್ಲಿ 2020ರಲ್ಲಿ ಸಾಲು ಕಂಬಗಳನ್ನೇ ಚಾರ್ಜಿಂಗ್ ಕಂಬಗಳನ್ನಾಗಿ ಮಾಡಿದರು. ಮನೆ ಮುಂದೆ ಸ್ವಂತ ಜಾಗ ಇಲ್ಲದವರು ರಾತ್ರಿ ಬೀದಿಯಲ್ಲೇ ಕಾರು ನಿಲ್ಲಿಸಿ ಚಾರ್ಜ್ ಮಾಡಿಕೊಳ್ಳಬಹುದು. ವೇಗ ಕಡಿಮೆ, ಸುಮಾರು 5 ಕಿಲೋವ್ಯಾಟ್ ಒಳಗೆ. ಆದರೆ ಕಾರು ರಾತ್ರಿಯಿಡೀ ನಿಂತೇ ಇರುತ್ತದಲ್ಲ, ಸಾಕಾಗುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಬಳಕೆ ಇದು.

ಆದರೆ ಇದನ್ನು ಕಂಡು ಎಲ್ಲೆಡೆ ಹೀಗೇ ಮಾಡೋಣ ಅಂತ ಹೊರಡುವ ಮೊದಲು ಲೆಕ್ಕ ನೋಡಿ. ಮೊದಲು ಹೇಳಿದ ಲೆಕ್ಕದಲ್ಲಿ 280 ವ್ಯಾಟಿನ ಜಾಗದಲ್ಲಿ 120 ವ್ಯಾಟ್ ಎಲ್‌ಇಡಿ ಹಾಕಿದಾಗ ಕಂಬಕ್ಕೆ ಉಳಿದದ್ದು 160 ವ್ಯಾಟ್. ಒಂದು ಸಾಲಿನಲ್ಲಿ 20 ಕಂಬ ಇದ್ದರೆ ಒಟ್ಟು 3,200 ವ್ಯಾಟ್. ಅಂದರೆ ಇಡೀ ಸಾಲಿಗೆ ಒಂದೇ ಒಂದು ನಿಧಾನದ ಚಾರ್ಜರ್. ಲಂಡನ್ನಿನಲ್ಲಿ ಅಷ್ಟು ಕಂಬಗಳಿಗೆ ಸಾಧ್ಯವಾಗಿದ್ದು ಅಲ್ಲಿ ಸಾಮಾನ್ಯವಾಗಿ ಪ್ರತಿ ಕಂಬಕ್ಕೂ ಬೀದಿಯ ಮುಖ್ಯ ಕೇಬಲಿನಿಂದ ನೇರ ಸಂಪರ್ಕ ಇರುವುದರಿಂದ. ತೆಳುವಾದ ಒಂದೇ ಕೇಬಲ್ ಕಂಬದಿಂದ ಕಂಬಕ್ಕೆ ಹಾಯ್ದುಹೋಗುವ ಕಡೆ ನೆಲ ಅಗೆದು ಹೊಸ ಕೇಬಲ್ ಹಾಕದೆ ವಿಧಿಯಿಲ್ಲ.

5ಜಿ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೆಚ್ಚು ಆವರ್ತನದ ಅಲೆಗಳು ಕೆಲವು ನೂರು ಮೀಟರಿಗಿಂತ ದೂರ ಹೋಗುವುದಿಲ್ಲ, ಅದಕ್ಕೇ ಹತ್ತಿರ ಹತ್ತಿರ ಆಂಟೆನಾ ಬೇಕು, ಅದಕ್ಕೇ ಕಂಬ ಬೇಕು. ಕರೆಂಟಿನ ಜೊತೆಗೆ ಫೈಬರ್ ಕೂಡ ಬೇಕು. ಪೆಟ್ಟಿಗೆ ಹೆಚ್ಚಿದಷ್ಟೂ ಗಾಳಿ ತಳ್ಳುವ ಬಲ ಹೆಚ್ಚುತ್ತದೆ. ಬರೀ ದೀಪಕ್ಕೆಂದು ಲೆಕ್ಕ ಹಾಕಿದ ಕಂಬ ಬಿರುಗಾಳಿಗೆ ಬಾಗುವುದು ಆ ಪುಟ್ಟ ಬಾಗಿಲಿನ ಹತ್ತಿರವೇ, ಅಲ್ಲಿ ಲೋಹ ಕತ್ತರಿಸಿರುತ್ತದಲ್ಲ. ಬಾಡಿಗೆ ಎಷ್ಟು ಅನ್ನುವುದು ಇನ್ನೊಂದು ಜಗಳ. ಅಮೆರಿಕದ ಸಂವಹನ ಆಯೋಗ 2018ರಲ್ಲಿ ಒಂದು ಚಿಕ್ಕ ಆಂಟೆನಾಗೆ ವರ್ಷಕ್ಕೆ 270 ಡಾಲರ್ ಸಮಂಜಸ ಅಂತ ಗೆರೆ ಎಳೆಯಿತು. ಹಲವು ನಗರಗಳು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. ನನ್ನ ಮಟ್ಟಿಗೆ ದೀಪ ಈ ಮನೆಯ ಯಜಮಾನ, ಉಳಿದವರೆಲ್ಲ ಬಾಡಿಗೆದಾರರು. ಬಾಡಿಗೆದಾರರ ರಿಪೇರಿಗೆಂದು ದೀಪ ಆರಿಸುವ ಹಾಗಿದ್ದರೆ ಯಾವಾಗ, ಎಷ್ಟು ಹೊತ್ತು ಅನ್ನುವುದು ಮೊದಲೇ ಕಾಗದದ ಮೇಲೆ ಬರಬೇಕು.

ಸೆನ್ಸರ್‌ಗಳಲ್ಲಿ ಒಂದು ಎಚ್ಚರಿಕೆ. ಗಾಳಿಯನ್ನು ನಾವು ಉಸಿರಾಡುವುದು ನೆಲದಿಂದ ಒಂದೂವರೆ ಮೀಟರಿನಲ್ಲಿ. ಎಂಟು ಮೀಟರ್ ಮೇಲೆ ಅಳೆದದ್ದು ಬೇರೆಯೇ ಇರಬಹುದು. ಅಗ್ಗದ ಧೂಳು ಸೆನ್ಸರ್‌ಗಳು ತೇವಾಂಶ ಹೆಚ್ಚಿದಾಗ ನೀರಿನ ಹನಿಯನ್ನೂ ಧೂಳೆಂದು ಎಣಿಸುತ್ತವೆ. ಬಿಸಿಲಿಗೆ ಕಾದ ಲೋಹದ ಕಂಬಕ್ಕೆ ಅಂಟಿಸಿದ ತಾಪಮಾಪಕ ಕಂಬದ ಬಿಸಿಯನ್ನೇ ಹೇಳುತ್ತದೆ. ಎಲ್ಲಿ, ಎಷ್ಟು ಎತ್ತರದಲ್ಲಿ ಅನ್ನುವುದು ಸೆನ್ಸರಿನಷ್ಟೇ ಮುಖ್ಯ.

ಕ್ಯಾಮೆರಾ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅಮೆರಿಕದ ಸ್ಯಾನ್ ಡಿಯಾಗೊ ನಗರ 2016ರಲ್ಲಿ ಸುಮಾರು 3,200 ಸ್ಮಾರ್ಟ್ ದೀಪಗಳಿಗೆ ಒಪ್ಪಿಗೆ ಕೊಟ್ಟಿತು. ಜನರಿಗೆ ಹೇಳಿದ್ದು ವಿದ್ಯುತ್ ಉಳಿತಾಯ, ಸಂಚಾರ ಮತ್ತು ಪಾರ್ಕಿಂಗ್ ಮಾಹಿತಿ ಅಂತ. 2018ರಿಂದ ಪೊಲೀಸರು ಅದರ ವಿಡಿಯೊ ಬಳಸತೊಡಗಿದರು. ಇದು ಬಯಲಾದ ಮೇಲೆ ದೊಡ್ಡ ಗಲಾಟೆಯಾಯಿತು, 2020ರಲ್ಲಿ ಮೇಯರ್ ಕ್ಯಾಮೆರಾಗಳನ್ನು ನಿಲ್ಲಿಸುವಂತೆ ಹೇಳಬೇಕಾಯಿತು. ಹಾಂಗ್‌ಕಾಂಗ್‌ನಲ್ಲಿ 2019ರ ಆಗಸ್ಟಿನಲ್ಲಿ ಪ್ರತಿಭಟನಾಕಾರರು ಗರಗಸ ಹಿಡಿದು ಸ್ಮಾರ್ಟ್ ಕಂಬವನ್ನೇ ಕೊಯ್ದು ಬೀಳಿಸಿದರು. ಮುಖ ಗುರುತಿಸುವ ತಂತ್ರ ಅದರಲ್ಲಿಲ್ಲ ಅಂತ ಸರ್ಕಾರ ಹೇಳಿದ್ದನ್ನು ಅವರು ನಂಬಲಿಲ್ಲ. ಇದಕ್ಕೆ ಹೋಲಿಸಿದರೆ ಕಂಬಗಳಿಗೆ ಸೆನ್ಸರ್ ಪೆಟ್ಟಿಗೆ ಹಾಕುವ ಷಿಕಾಗೋದ 'ಅರೇ ಆಫ್ ಥಿಂಗ್ಸ್' ಯೋಜನೆಯವರು 2016ರಲ್ಲಿ ಆ ಪೆಟ್ಟಿಗೆಗಳನ್ನು ಏರಿಸುವ ಮೊದಲೇ ಖಾಸಗಿತನದ ನಿಯಮದ ಕರಡನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿದರು.

ಸಭೆಯಲ್ಲಿ ಒಬ್ಬ ಹಿರಿಯರು ಇಲ್ಲೇ ಕೈ ಎತ್ತಿದರು. "ಕ್ಯಾಮೆರಾ ಇದ್ದರೆ ಹೆಣ್ಣುಮಕ್ಕಳಿಗೆ ಧೈರ್ಯ ಅಲ್ವಾ ಸಾರ್, ಬೇಡ ಅಂತೀರಾ?" ಒಳ್ಳೆಯ ಪ್ರಶ್ನೆ. ಬೇಡ ಅನ್ನುವುದಿಲ್ಲ ಸಾರ್. ಬೇಕೆಂದರೆ ಕ್ಯಾಮೆರಾ ಅಂತಲೇ ಹೆಸರು ಹೇಳಿ ಹಾಕಲಿ. ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ ಅನ್ನುವುದನ್ನು ಹಾಕುವ ಮೊದಲೇ ಹೇಳಲಿ. ದೀಪದ ಹೆಸರಿನಲ್ಲಿ ಕ್ಯಾಮೆರಾ ಬಂದರೆ ಜನ ಮುಂದೆ ದೀಪವನ್ನೂ ನಂಬುವುದಿಲ್ಲ. ಇನ್ನು ಧೈರ್ಯದ ಮಾತು. ನ್ಯೂಯಾರ್ಕಿನ ಸರ್ಕಾರಿ ವಸತಿ ಬಡಾವಣೆಗಳಲ್ಲಿ 2016ರಲ್ಲಿ ಚೀಟಿ ಎತ್ತಿದ ಹಾಗೆ ಆಯ್ದು ಪ್ರಖರ ದೀಪಗಳನ್ನಿಟ್ಟು ನೋಡಿದರು. ರಾತ್ರಿ ಹೊರಗಡೆ ನಡೆಯುವ ಗಂಭೀರ ಅಪರಾಧಗಳು ಸುಮಾರು 36 ಪ್ರತಿಶತ ಕಡಿಮೆಯಾದವು. ಕ್ಯಾಮೆರಾಗೆ ಮೊದಲು ಬೆಳಕನ್ನೇ ಕೇಳಿ.

ಹಾಗಂತ ಎಲ್ಲ ಕಡೆ ಎಲ್ಲ ಹೊತ್ತೂ ಜೋರು ಬೆಳಕು ಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳ ಮಾಹಿತಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ರಾತ್ರಿ ಬೆಳಕು ತಗ್ಗಿಸಿದ್ದರಿಂದ ಅಪಘಾತವಾಗಲಿ ಅಪರಾಧವಾಗಲಿ ಹೆಚ್ಚಾಯಿತು ಅನ್ನುವುದಕ್ಕೆ ಅದರಲ್ಲಿ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಎರಡೂ ಅಧ್ಯಯನ ಒಂದಕ್ಕೊಂದು ವಿರುದ್ಧವಲ್ಲ. ಕತ್ತಲಿರುವ ಕಡೆ ಬೆಳಕು ಕೊಟ್ಟರೆ ಪ್ರಯೋಜನ ದೊಡ್ಡದು, ಸಾಕಷ್ಟಿರುವ ಕಡೆ ನಡುರಾತ್ರಿ ಸ್ವಲ್ಪ ಇಳಿಸಿದರೆ ನಷ್ಟವಿಲ್ಲ. ಬೀದಿ ನೋಡಿ ತೀರ್ಮಾನಿಸುವ ಈ ಅನುಕೂಲವೇ ಸ್ಮಾರ್ಟ್ ಕಂಟ್ರೋಲಿನ ನಿಜವಾದ ಬೆಲೆ. ಇಳಿಸುವಾಗ ನಿಧಾನ ಇಳಿಯಬೇಕು, ಏರುವಾಗ ಬೇಗ ಏರಬೇಕು. ಒಬ್ಬರು ನಡೆದು ಬರುವಾಗ ಅವರ ತಲೆ ಮೇಲಿನ ದೀಪವಷ್ಟೇ ಬೆಳಗಿದರೆ ಮುಂದಿನ ಕತ್ತಲು ಇನ್ನೂ ಕಪ್ಪಾಗಿ ಕಾಣುತ್ತದೆ. ಮುಂದಿನ ಎರಡು ಮೂರು ಕಂಬಗಳೂ ಜೊತೆಗೆ ಬೆಳಗಬೇಕು.

ಬಣ್ಣವೂ ಮುಖ್ಯ. 2016ರಲ್ಲಿ ಅಮೆರಿಕದ ವೈದ್ಯರ ಸಂಘ ಬೀದಿ ದೀಪ 3,000 ಕೆಲ್ವಿನ್ ಮೀರದಿರಲಿ ಅಂತ ಸಲಹೆ ಕೊಟ್ಟಿತು. ಕೆಲ್ವಿನ್ ಅನ್ನುವುದು ಇಲ್ಲಿ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ ಹೆಚ್ಚು. ನೀಲಿ ಹೆಚ್ಚಿದ ಬೆಳಕು ಕಣ್ಣು ಕುಕ್ಕುತ್ತದೆ, ನಿದ್ದೆ ಕೆಡಿಸುತ್ತದೆ. ನೆದರ್ಲೆಂಡ್ಸ್‌ನ ನ್ಯೂಕೋಪ್‌ನಲ್ಲಿ ಬಾವಲಿಗಳಿಗೆ ತೊಂದರೆಯಾಗದಿರಲಿ ಅಂತ ಕೆಂಪು ಬೀದಿ ದೀಪ ಹಾಕಿದ್ದಾರೆ. ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ಎಷ್ಟು ಮಂಕಾದ ನಕ್ಷತ್ರದ ತನಕ ಕಾಣುತ್ತದೆ ಅಂತ ನೋಡಿ ಕೊಟ್ಟ ಮಾಹಿತಿಯಿಂದ 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2011ರಿಂದ 2022ರ ತನಕ ರಾತ್ರಿ ಆಕಾಶ ವರ್ಷಕ್ಕೆ ಸುಮಾರು 9.6 ಪ್ರತಿಶತ ಬೆಳ್ಳಗಾಗುತ್ತಾ ಬಂದಿದೆ. ತಗ್ಗಿಸಲು ಬರುವ ದೀಪ ಹಾಕಿದ ಮೇಲೂ ತಗ್ಗಿಸದೆ ಬಿಡುವುದು ನನಗೆ ಸಂಕಟದ ವಿಷಯ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇದು: "ಕಂಬದಲ್ಲಿ ಕಾರು ಚಾರ್ಜಿಗೆ ಹಾಕಿದರೆ ಅದೇ ಸಾಲಿನ ದೀಪಗಳು ಮಂಕಾಗುತ್ತವಾ ಸಾರ್?" ಇಲ್ಲ ಕಣಮ್ಮ, ಎಲ್‌ಇಡಿಯ ಡ್ರೈವರ್, ಅಂದರೆ ಅದಕ್ಕೆ ಹದವಾಗಿ ಕರೆಂಟ್ ಕೊಡುವ ಒಳಗಿನ ಭಾಗ, ವೋಲ್ಟೇಜ್ ಸಾಕಷ್ಟು ಕುಸಿದರೂ ಬೆಳಕನ್ನು ಅಷ್ಟಕ್ಕೇ ಹಿಡಿದಿಡುತ್ತದೆ. ಆದರೆ ವೋಲ್ಟೇಜ್ ಕುಸಿದಷ್ಟೂ ಅದು ಕರೆಂಟ್ ಹೆಚ್ಚು ಎಳೆಯುತ್ತದೆ, ಅದರಿಂದ ಕೇಬಲ್ ಇನ್ನಷ್ಟು ಬಿಸಿಯಾಗುತ್ತದೆ. ಸಾಲಿನ ಕೊನೆಯ ಕಂಬದಲ್ಲಿ ವೋಲ್ಟೇಜ್ ಎಷ್ಟಿರುತ್ತದೆ ಅಂತ ಲೆಕ್ಕ ಹಾಕಲು ಕೇಬಲಿನ ಉದ್ದ, ದಪ್ಪ, ನಡುವೆ ಎಷ್ಟು ಜಾಯಿಂಟ್ ಇದೆ ಅನ್ನುವುದೆಲ್ಲ ಗೊತ್ತಿರಬೇಕು. ಹಳೆಯ ಬೀದಿಗಳಲ್ಲಿ ಇದರ ನಕ್ಷೆ ಸರಿಯಾಗಿ ಸಿಗುವುದಿಲ್ಲ. ನಿಮ್ಮ ಕಾಲೇಜಿನವರು ಒಂದು ರಸ್ತೆ ಹಿಡಿದು, ಅಲ್ಲಿನ ಲೈನ್‌ಮನ್‌ಗಳ ಜೊತೆ ಕಂಬ ಕಂಬದ ಬಾಗಿಲು ತೆಗೆಸಿ ಆ ನಕ್ಷೆ ಮಾಡಿ ಕೊಡಬಹುದು. ಸಂಜೆ ಕರೆಂಟ್ ಬರುವ ಮೊದಲು ಹೋಗಿ, ಆದರೂ ಟೆಸ್ಟರ್ ಇಟ್ಟು ನೋಡದೆ ಯಾವ ತಂತಿಯನ್ನೂ ಮುಟ್ಟಬೇಡಿ.